ಹೊಳೆ ದಾಟಿದವರ ಋಣ

ಭದ್ರಾವತಿಯಿಂದ ಸಿಗಂದೂರು ಚೌಡೇಶ್ವರಿಯ ದರ್ಶನಕ್ಕೆ ಹೊರಡುವ ಮನೆಗಳಲ್ಲಿ ಮೊನ್ನೆಮೊನ್ನೆಯವರೆಗೂ ಹಿಂದಿನ ರಾತ್ರಿಯೇ ಒಂದು ಲೆಕ್ಕಾಚಾರ ನಡೆಯುತ್ತಿತ್ತು. ನಸುಕಿಗೆ ಎದ್ದು, ಚಿತ್ರಾನ್ನದ ಬುತ್ತಿ ಕಟ್ಟಿಕೊಂಡು, ಶಿವಮೊಗ್ಗ, ಆನಂದಪುರ, ಸಾಗರ ದಾಟಿ ಹೊಳೆಬಾಗಿಲು ಮುಟ್ಟುವ ಹೊತ್ತಿಗೆ ಲಾಂಚು ಯಾವ ದಡದಲ್ಲಿದ್ದೀತು? ಭಾನುವಾರವಾದರೆ ಗಾಡಿಗಳ ಸಾಲು ಎಷ್ಟುದ್ದ ಇದ್ದೀತು? ಸಂಜೆಯ ಕೊನೆಯ ಲಾಂಚು ತಪ್ಪಿದರೆ ಮಕ್ಕಳನ್ನು ಕಟ್ಟಿಕೊಂಡು ಎಲ್ಲಿ ಮಲಗುವುದು? ಮನೆಯ ಅಜ್ಜಿಯರು ಮಾತ್ರ ಈ ಲೆಕ್ಕಕ್ಕೆ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಅಮ್ಮ ಕರೆಸಿಕೊಂಡರೆ ಹೊಳೆ ತಾನಾಗಿ ದಾರಿ ಬಿಡುತ್ತದೆ ಎನ್ನುವುದು ಅವರ ಒಂದೇ ಉತ್ತರವಾಗಿತ್ತು.

2025ರ ಜುಲೈ 14ರಿಂದ ಆ ಲೆಕ್ಕ ಬೇಕಿಲ್ಲ. ಅಂಬಾರಗೋಡ್ಲು ಮತ್ತು ಕಳಸವಳ್ಳಿ ನಡುವೆ ಶರಾವತಿ ಹಿನ್ನೀರಿನ ಮೇಲೆ ಕಟ್ಟಿದ 2.44 ಕಿಲೋಮೀಟರ್ ಉದ್ದದ ಕೇಬಲ್ ಸೇತುವೆಯನ್ನು ಅಂದು ಕೇಂದ್ರ ಸಚಿವ ನಿತಿನ್ ಗಡ್ಕರಿ ಉದ್ಘಾಟಿಸಿದರು. ಗಂಟೆಗಟ್ಟಲೆ ಕಾಯಿಸುತ್ತಿದ್ದ ಹೊಳೆಯನ್ನು ಈಗ ಕಾರು ಕೆಲವೇ ನಿಮಿಷದಲ್ಲಿ ದಾಟುತ್ತದೆ. ಅದಕ್ಕೆ ಎರಡು ವರ್ಷ ಮೊದಲು, 2023ರ ಫೆಬ್ರವರಿ 27ರಂದು, ಶಿವಮೊಗ್ಗ ಮತ್ತು ಭದ್ರಾವತಿ ನಡುವಿನ ಸೋಗಾನೆಯಲ್ಲಿ ಕುವೆಂಪು ಅವರ ಹೆಸರಿನ ವಿಮಾನ ನಿಲ್ದಾಣ ತೆರೆದಿತ್ತು. ಅದೇ ವರ್ಷದ ಆಗಸ್ಟ್ 31ರಿಂದ ಬೆಂಗಳೂರಿನ ವಿಮಾನ ಬಂದಿಳಿಯತೊಡಗಿತು. ತಾವರೆಯಂತೆ ಅರಳಿದ ಆ ಕಟ್ಟಡದಿಂದ ಹೊರಬಿದ್ದವರು ಮಧ್ಯಾಹ್ನದ ಪ್ರಸಾದದ ಹೊತ್ತಿಗೆ ಚೌಡೇಶ್ವರಿಯ ಸನ್ನಿಧಿಯಲ್ಲಿದ್ದು, ಸಂಜೆಯೊಳಗೆ ಜೋಗ ನೋಡಬಹುದು.

ಶಿವಮೊಗ್ಗ, ಭದ್ರಾವತಿಗಳು ಹೀಗೆ ಬರುವವರನ್ನು ಎದುರು ನೋಡುವುದಕ್ಕೆ ಕಾರಣವೂ ಇದೆ. ಬೆಂಕಿಪುರ ಎಂಬ ಹಳೆಯ ಹೆಸರಿನ ಭದ್ರಾವತಿಯಲ್ಲಿ ವಿಶ್ವೇಶ್ವರಯ್ಯನವರು ರೂಪಿಸಿದ ಮೈಸೂರು ಕಬ್ಬಿಣದ ಕಾರ್ಖಾನೆ 1923ರಲ್ಲಿ ಕಬ್ಬಿಣ ಹರಿಸಲು ಆರಂಭಿಸಿತು. 1936ರಲ್ಲಿ ಸ್ಥಾಪನೆಯಾದ ಕಾಗದ ಕಾರ್ಖಾನೆ ಅದರ ಜೊತೆಯಾಯಿತು. ಸೈರನ್ನಿನ ಕೂಗಿಗೆ ಏಳುತ್ತಿದ್ದ, ಸೈರನ್ನಿಗೆ ಊಟ ಮಾಡುತ್ತಿದ್ದ ಊರು ಅದು. ಕಾಗದ ಕಾರ್ಖಾನೆಯ ಉತ್ಪಾದನೆ 2015ರಲ್ಲಿ ನಿಂತಿತು. 2023ರ ಜನವರಿಯಲ್ಲಿ ಕಬ್ಬಿಣ ಮತ್ತು ಉಕ್ಕಿನ ಕಾರ್ಖಾನೆಯನ್ನೂ ಮುಚ್ಚುವ ನಿರ್ಧಾರ ಹೊರಬಿದ್ದು ಕಾರ್ಮಿಕರು ಬೀದಿಯಲ್ಲಿ ಧರಣಿ ಕೂತರು. ವಸ್ತು ತಯಾರಿಸಿ ಹೊರಗೆ ಕಳಿಸುತ್ತಿದ್ದ ಜಿಲ್ಲೆಯೊಂದು ಈಗ ಹೊರಗಿನವರನ್ನೇ ಒಳಗೆ ಕರೆದು ಬದುಕುವ ದಾರಿ ಹುಡುಕುತ್ತಿದೆ. ಲಾಡ್ಜು, ಹೋಂಸ್ಟೇ, ಟ್ಯಾಕ್ಸಿ, ಖಾನಾವಳಿ ಇವು ಆ ದಾರಿಯ ಮೈಲಿಗಲ್ಲುಗಳು. ಅದರಲ್ಲಿ ತಪ್ಪು ಹುಡುಕಲು ಹೊಟ್ಟೆ ತುಂಬಿದವರಿಗೆ ಹಕ್ಕಿಲ್ಲ.

ಆದರೂ ಒಂದು ಪ್ರಶ್ನೆ ಹೊಳೆಬಾಗಿಲಿನ ದಡದಲ್ಲೇ ನಿಂತಿದೆ. ತೀರ್ಥ ಎಂಬ ಮಾತು ಹುಟ್ಟಿದ್ದು ಅಂಥ ದಡದಲ್ಲೇ. ದಾಟು ಎಂಬ ಅರ್ಥದ ಸಂಸ್ಕೃತ ಧಾತುವಿನಿಂದ ಬಂದ ಈ ಪದದ ಮೊದಲ ಅರ್ಥ ಕಡವು. ನೀರಿಗಿಳಿದು ಆಚೆ ದಡಕ್ಕೆ ಹೋಗಲು ಅನುಕೂಲವಾದ ಜಾಗ. ಅರ್ಚಕರು ಅಂಗೈಗೆ ಹಾಕುವ ನೀರಿಗೆ ಆ ಹೆಸರು ಬಂದದ್ದು ಆಮೇಲೆ. ಸಂಸಾರವೆಂಬ ಹೊಳೆಗೆ ಕಡವು ತೋರಿಸಿಕೊಟ್ಟವರನ್ನು ಜೈನರು ತೀರ್ಥಂಕರರೆಂದರು. ಅವರ ಬಸದಿಗಳು ಹೊಸನಗರ ತಾಲ್ಲೂಕಿನ ಹುಂಚದಲ್ಲಿ ಶತಮಾನಗಳಿಂದ ನಿಂತಿವೆ. ತುಂಗೆಯ ದಡದ ತೀರ್ಥಹಳ್ಳಿ ಆ ಪದವನ್ನು ಊರಿನ ಹೆಸರಿನಲ್ಲೇ ಇಟ್ಟುಕೊಂಡಿದೆ. ಹಾಗಿದ್ದರೆ, ದಾಟುವುದೇ ಒಂದು ಕೆಲಸವಾಗಿ ಉಳಿಯದಿದ್ದಾಗ ತೀರ್ಥ ಎಲ್ಲಿರುತ್ತದೆ? ದೇವರ ಜಾಗವೊಂದು ಎಲ್ಲರ ಪ್ರವಾಸದ ಜಾಗವಾಗಿ ಬೆಳೆದಾಗ ಅಲ್ಲಿ ಏನು ಉಳಿಯುತ್ತದೆ, ಏನು ಕರಗುತ್ತದೆ?

ಥಟ್ಟನೆ ಬರುವ ಉತ್ತರ ಒಂದಿದೆ. ಕಷ್ಟಪಟ್ಟು ಹೋದರೇ ಪುಣ್ಯ, ಸುಲಭವಾದರೆ ಮಹಿಮೆ ಹೋಯಿತು ಎನ್ನುವುದು ಅದು. ಲಾಂಚಿನ ಅಂಚಿಗೆ ಆತು ನಿಂತು ನೀರು ನೋಡಿದ ನೆನಪು ಇರುವವರಿಗೆ ಈ ಮಾತು ಹಿತವಾಗಿ ಕೇಳಿಸುತ್ತದೆ. ಆದರೆ ಅವರು ಆ ನೀರನ್ನು ವರ್ಷಕ್ಕೊಮ್ಮೆ ದಾಟಿದವರು. ದಿನವೂ ದಾಟಬೇಕಾಗಿದ್ದವರ ಕಡೆಯಿಂದ ನೋಡಿದರೆ ಮಾತಿನ ರುಚಿಯೇ ಬೇರೆ.

ಹೊಳೆಯಾಚೆಯ ತುಮರಿ ಸುತ್ತಿನ ಕರೂರು, ಬಾರಂಗಿ ಹೋಬಳಿಗಳ ಹಳ್ಳಿಗಳು ಹುಟ್ಟಿನಿಂದ ದ್ವೀಪವಾಗಿರಲಿಲ್ಲ. ಹೊಳೆ ಇತ್ತು, ದೋಣಿ ಇತ್ತು, ಬೇಸಿಗೆಯಲ್ಲಿ ಕಾಲ್ದಾರಿಯೂ ಇತ್ತು. ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟು ಮೊದಲು ನೀರನ್ನು ತಡೆಯಿತು. ಅದರ ಬಲದಿಂದ ಜೋಗದ ವಿದ್ಯುದಾಗಾರ 1948ರಲ್ಲಿ ಕೆಲಸ ಆರಂಭಿಸಿ ಮಹಾತ್ಮ ಗಾಂಧಿಯವರ ಹೆಸರು ಪಡೆಯಿತು. ಆಮೇಲೆ 1964ರಲ್ಲಿ ಲಿಂಗನಮಕ್ಕಿ ಬಂತು. 1,819 ಅಡಿಯ ಮಟ್ಟದವರೆಗೆ, ಸುಮಾರು 151 ಟಿಎಂಸಿ ನೀರು ಹಿಡಿಯುವ ಆ ಜಲಾಶಯ ಹಳೆಯ ಹಿರೇಭಾಸ್ಕರವನ್ನೇ ನುಂಗಿತು. ಗದ್ದೆ, ಅಡಿಕೆ ತೋಟ, ಗುಡಿ, ಕಾಡು ಎಲ್ಲ ಅಡಿಗೆ ಹೋದವು. ಸಾವಿರಾರು ಕುಟುಂಬಗಳು ಗಂಟುಮೂಟೆ ಕಟ್ಟಿ ಎದ್ದವು. ಅನೇಕರನ್ನು ಶಿವಮೊಗ್ಗ ಸುತ್ತಿನ ಕಾಡಂಚಿನಲ್ಲಿ ತಂದಿಳಿಸಲಾಯಿತು. ಮುಳುಗಡೆ ಎಂಬ ಒಂದೇ ಶಬ್ದ ಮಲೆನಾಡಿನಲ್ಲಿ ಒಂದು ತಲೆಮಾರಿನ ಇಡೀ ಕಥೆ ಹೇಳುತ್ತದೆ. ಬಿಟ್ಟ ನೆಲಕ್ಕೆ ಬದಲಾಗಿ ಸಿಕ್ಕ ನೆಲದ ಹಕ್ಕುಪತ್ರಕ್ಕಾಗಿ ಆ ಮನೆತನಗಳ ಮೊಮ್ಮಕ್ಕಳು ಇಂದಿಗೂ ಕಚೇರಿ ಅಲೆಯುತ್ತಿದ್ದಾರೆ.

ಉಳಿದವರ ಪಾಲಿಗೆ ಊರು ದ್ವೀಪವಾಯಿತು. ಹೆರಿಗೆ ನೋವು ಬಂದವರು, ಹಾವು ಕಚ್ಚಿದವರು, ಕಾಲೇಜಿಗೆ ಹೊರಟವರು, ಅಡಿಕೆ ಮಾರಲು ಸಾಗರಕ್ಕೆ ಹೊರಟವರು ಎಲ್ಲರೂ ಲಾಂಚಿನ ವೇಳೆಗೆ ಬದುಕು ಹೊಂದಿಸಿಕೊಂಡರು. ರಾತ್ರಿ ಕಾಯಿಲೆ ಬಿದ್ದರೆ ಬೆಳಗಾಗುವುದನ್ನು ಕಾಯಬೇಕಿತ್ತು, ಇಲ್ಲವೇ ಕಾಡುದಾರಿಯಲ್ಲಿ ಬಲು ದೂರ ಸುತ್ತಬೇಕಿತ್ತು. ನೀರು ತೀರಾ ಇಳಿದ ಬೇಸಿಗೆಗಳಲ್ಲಿ ಲಾಂಚಿಗೆ ವಾಹನ ಹತ್ತಿಸುವುದು ನಿಲ್ಲುತ್ತಿತ್ತು. ನಾಡಿಗೆ ಬೆಳಕು ಕೊಟ್ಟ ಜನ ಸುಮಾರು ಅರುವತ್ತು ವರ್ಷ ಹೀಗೆ ಕಳೆದರು. ಶರಾವತಿ ಯೋಜನೆಯಲ್ಲೇ ನೌಕರಿ ಮಾಡಿ, ಸಾಗರದಲ್ಲೇ ಕೂತು ಈ ಸಂಕಟವನ್ನು ಕಾದಂಬರಿಗಳಾಗಿ ಬರೆದವರು ನಾ. ಡಿಸೋಜ. ಅವರ ‘ದ್ವೀಪ’ವನ್ನು ಗಿರೀಶ ಕಾಸರವಳ್ಳಿ ಸಿನಿಮಾ ಮಾಡಿದರು, ಅದಕ್ಕೆ ರಾಷ್ಟ್ರ ಪ್ರಶಸ್ತಿಯೂ ಬಂತು. ಡಿಸೋಜ ತೀರಿಕೊಂಡದ್ದು 2025ರ ಜನವರಿ 5ರಂದು; ಸೇತುವೆ ತೆರೆಯಲು ಇನ್ನು ಆರು ತಿಂಗಳಿತ್ತು.

ಹಾಗಾಗಿ ಯಾತ್ರಿಕನ ಪುಣ್ಯ ಹೆಚ್ಚಲೆಂದು ಇನ್ನೊಬ್ಬರ ಕಷ್ಟ ಮುಂದುವರಿಯಲಿ ಎನ್ನುವ ವಾದ ಯಾವ ಧರ್ಮದ ಮುಂದೆಯೂ ನಿಲ್ಲದು. ಸೇತುವೆ ಬೇಕಿತ್ತು, ಬಹಳ ಮೊದಲೇ ಬರಬೇಕಿತ್ತು. ತೀರ್ಥದ ಪ್ರಶ್ನೆಗೆ ಉತ್ತರವನ್ನು ದಾರಿಯ ಕಷ್ಟದಲ್ಲಿ ಹುಡುಕಿ ಪ್ರಯೋಜನವಿಲ್ಲ.

ಜಾಗದಲ್ಲೇ ಹುಡುಕೋಣವೆಂದರೆ, ಶಿವಮೊಗ್ಗ ಜಿಲ್ಲೆಯ ಮಣ್ಣಿನಲ್ಲೇ ಎರಡು ದನಿಗಳಿವೆ. ಶಿವಮೊಗ್ಗದಿಂದ ಅರ್ಧ ಗಂಟೆಯ ದಾರಿಯಲ್ಲಿ, ಹೊಳೆಹೊನ್ನೂರಿನ ಬಳಿ ಕೂಡ್ಲಿ ಇದೆ. ಶೃಂಗೇರಿಯಿಂದ ಬಂದ ತುಂಗೆ, ಭದ್ರಾವತಿಯ ಕುಲುಮೆಗಳ ಪಕ್ಕದಲ್ಲಿ ಹಾದು ಬಂದ ಭದ್ರೆ ಅಲ್ಲಿ ಕೂಡಿ ಒಂದು ಹೊಳೆಯಾಗುತ್ತವೆ. ಆ ಸಂಗಮದಲ್ಲಿ ಮುಳುಗೆದ್ದವರಿಗೆ ಜಾಗದ ಮಹಿಮೆಯ ಬಗ್ಗೆ ಅನುಮಾನವಿಲ್ಲ. ಅದಕ್ಕಾಗಿಯೇ ಅಲ್ಲಿ ಗುಡಿಗಳು, ಮಠಗಳು ಎದ್ದವು. ಇನ್ನೊಂದು ದನಿ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯದು, ಅಲ್ಲಮಪ್ರಭುವಿನದು. ಕಲ್ಲು, ನೀರು, ಕ್ಷೇತ್ರ ಎಂದು ಅಲೆಯುವವರನ್ನು ಅವನಷ್ಟು ನಿಷ್ಠುರವಾಗಿ ತಡೆದು ನಿಲ್ಲಿಸಿದವರು ಕನ್ನಡದಲ್ಲಿ ಕಡಿಮೆ. ಬಸವಣ್ಣನ ಸುತ್ತ ನೆರೆದ ಶರಣರು ನಿಂತ ಗುಡಿಗಿಂತ ನಡೆವ ಮನುಷ್ಯನನ್ನು ದೊಡ್ಡವನೆಂದು ಕಂಡರು. ಒಂದೇ ಜಿಲ್ಲೆ ಒಂದು ಕಡೆ ನೀರಿಗೆ ಕೈ ಮುಗಿದಿದೆ, ಇನ್ನೊಂದು ಕಡೆ ನೀರನ್ನು ದೇವರೆಂದವನನ್ನು ಪ್ರಶ್ನಿಸಿದೆ.

ಈ ಎರಡು ದನಿಗಳು ಒಂದು ಕಡೆ ಹತ್ತಿರ ಬರುತ್ತವೆ. ಮಹಾಭಾರತದ ವನಪರ್ವದಲ್ಲಿ ತೀರ್ಥಗಳ ದೊಡ್ಡ ಪಟ್ಟಿಯೇ ಇದೆ. ಆ ಪಟ್ಟಿ ಆರಂಭವಾಗುವ ಮೊದಲೇ ಒಂದು ಕಟ್ಟಳೆ ಬರುತ್ತದೆ: ಕೈ, ಕಾಲು, ಮನಸ್ಸು ಹಿಡಿತದಲ್ಲಿರುವವನಿಗೆ, ಬೇಡದೆ ಸಿಕ್ಕಿದ್ದರಲ್ಲಿ ತೃಪ್ತಿ ಪಡುವವನಿಗೆ, ಅಹಂಕಾರ ಬಿಟ್ಟವನಿಗೆ ಮಾತ್ರ ತೀರ್ಥದ ಫಲ. ಯಜ್ಞ ಮಾಡಲು ಹಣವಿಲ್ಲದ ಬಡವನಿಗೆ ಯಾತ್ರೆಯೇ ಯಜ್ಞ ಎಂದೂ ಅಲ್ಲಿ ಹೇಳಿದೆ. ಜಾಗ ಎಷ್ಟೇ ದೊಡ್ಡದಿರಲಿ, ಹೋಗುವವನು ಹೇಗೆ ಹೋಗುತ್ತಾನೆ ಎಂಬಲ್ಲಿ ಅರ್ಧ ತೀರ್ಥವಿದೆ ಎಂದಾಯಿತು. ಅಲ್ಲಮ ಕೇಳಿದ್ದೂ ಹೋಗುವವನನ್ನೇ.

ಹೋಗುವ ಬಗೆಗೆ ಈ ನೆಲದಲ್ಲೇ ಒಂದು ನಿದರ್ಶನವಿದೆ. 1927ರಲ್ಲಿ ಗಾಂಧೀಜಿ ಮೈಸೂರು ಸಂಸ್ಥಾನದಲ್ಲಿ ಸುತ್ತುತ್ತ ಶಿವಮೊಗ್ಗ ಸೀಮೆಗೆ ಬಂದರು. ಸಾಗರದವರೆಗೂ ಹೋದರು. ಅಲ್ಲಿಂದ ಜೋಗ ಹೆಚ್ಚು ದೂರವಿಲ್ಲ. ಜೊತೆಗಿದ್ದವರು ಎಷ್ಟು ಕರೆದರೂ ಅವರು ಹೋಗಲಿಲ್ಲ. ಅಷ್ಟೆತ್ತರದಿಂದ ನೀರು ಬೀಳುತ್ತದೆ ಎಂದು ಆಸೆ ತೋರಿಸಿದಾಗ, ಮಳೆನೀರು ಅದಕ್ಕಿಂತ ಎತ್ತರದಿಂದ ಬೀಳುವುದಿಲ್ಲವೇ ಎಂಬ ಅರ್ಥದ ಮಾತಾಡಿ ತಮ್ಮ ಕೆಲಸಕ್ಕೆ ಕೂತರೆಂದು ಜೊತೆಗಾರ ಕಾಕಾ ಕಾಲೇಲ್ಕರ್ ಬರೆದಿದ್ದಾರೆ. ಕಾಲೇಲ್ಕರರನ್ನು ಮಾತ್ರ ಹೋಗಿ ನೋಡಿ ಬನ್ನಿ ಎಂದು ಕಳಿಸಿದರು. ಅವರು 253 ಮೀಟರ್ ಎತ್ತರದ ಆ ಧಾರೆಗಳನ್ನು ನೋಡಿ, ಭಕ್ತನ ತನ್ಮಯತೆಯಿಂದ ಬರೆದರು. ನೋಡಲು ಹೋದವರಿಗೆ ಅದೇ ಒಂದು ಪೂಜೆಯಾಯಿತು. ಹೋಗದವರಿಗೆ ಕೈಗೆತ್ತಿಕೊಂಡ ಕೆಲಸದ ಹಂಗು ಹೆಚ್ಚಾಗಿತ್ತು. ಇಬ್ಬರಲ್ಲಿ ಯಾರೂ ಜೋಗವನ್ನು ತಮ್ಮ ಅನುಭವದ ಚೀಲಕ್ಕೆ ಹಾಕಿಕೊಳ್ಳುವ ಸರಕೆಂದು ನೋಡಲಿಲ್ಲ.

ಹಂಗು ಎಂಬ ಆ ಮಾತಿನಲ್ಲೇ ಬಹುಶಃ ಉತ್ತರದ ಎಳೆ ಇದೆ. ಕನ್ನಡದ ಮನೆಮಾತಿನಲ್ಲಿ ಅದಕ್ಕೆ ಋಣವೆಂದೂ ಹೆಸರು. ಅನ್ನದ ಋಣ, ಮಣ್ಣಿನ ಋಣ, ಋಣಾನುಬಂಧ, ಋಣ ಮುಗಿಯಿತು ಎಂದು ಓದುಬರಹ ತಿಳಿಯದವರೂ ಆಡುತ್ತಾರೆ. ಹುಟ್ಟುತ್ತಲೇ ಮನುಷ್ಯ ಮೂರು ಋಣ ಹೊತ್ತು ಬರುತ್ತಾನೆ ಎನ್ನುವ ಪಟ್ಟಿ ಹೆಚ್ಚು ಪ್ರಸಿದ್ಧ: ದೇವಋಣ, ಋಷಿಋಣ, ಪಿತೃಋಣ. ಶತಪಥ ಬ್ರಾಹ್ಮಣ ನಾಲ್ಕನೆಯದೊಂದನ್ನು ಸೇರಿಸುತ್ತದೆ, ಅದು ಮನುಷ್ಯಋಣ. ಮೊದಲ ಮೂರು ತೀರುವುದು ಯಜ್ಞದಿಂದ, ಅಧ್ಯಯನದಿಂದ, ಸಂತಾನದಿಂದ. ನಾಲ್ಕನೆಯದು ತೀರುವುದು ಬಂದವರಿಗೆ ಇರಲು ಜಾಗ, ಉಣ್ಣಲು ಅನ್ನ ಕೊಡುವುದರಿಂದ. ಆತಿಥ್ಯವನ್ನು ಆ ಹಳೆಯ ಗ್ರಂಥ ಸೌಜನ್ಯವೆಂದು ಕರೆಯದೆ ಸಾಲ ತೀರಿಸುವ ಕ್ರಮವೆಂದು ಕರೆದಿದೆ.

ಈ ಕಣ್ಣಿನಿಂದ ಶರಾವತಿ ಕಣಿವೆಯನ್ನು ನೋಡಿದರೆ ಲೆಕ್ಕ ತಲೆಕೆಳಗಾಗುತ್ತದೆ. ಕರೂರು ಸೀಮೆಯವರು ಕೊಟ್ಟ ಆತಿಥ್ಯದಷ್ಟು ದೊಡ್ಡದನ್ನು ಈ ನಾಡಿನಲ್ಲಿ ಯಾರೂ ಕೊಟ್ಟಿರಲಾರರು. ಅವರು ನೀರಿಗೇ ಮನೆ ಬಿಟ್ಟುಕೊಟ್ಟರು. ಜೋಗದ ವಿದ್ಯುತ್ ಬಂದ ಮೇಲೆ ಭದ್ರಾವತಿಯಲ್ಲಿ ವಿದ್ಯುತ್ ಕುಲುಮೆಗಳು ಹೊತ್ತಿಕೊಂಡವು. ಶಿವಮೊಗ್ಗದ ಬೀದಿಗಳು, ಬೆಂಗಳೂರಿನ ಕಾರ್ಖಾನೆಗಳು ಬೆಳಗಿದವು. ಆ ಬೆಳಕಿನಲ್ಲಿ ಓದಿ, ಆ ಕುಲುಮೆಯ ಸಂಬಳದಲ್ಲಿ ಮದುವೆ ಮಾಡಿ, ಮನೆ ಕಟ್ಟಿದವರ ಮಕ್ಕಳು ಇಂದು ಕಾರಿನಲ್ಲಿ ಸೇತುವೆ ದಾಟುತ್ತಾರೆ. ಅವರು ಅತಿಥಿಗಳಾಗಿ ಹೊಸಿಲು ಮೆಟ್ಟುವ ಮೊದಲೇ ಆ ಮನೆಯ ಅನ್ನ ಉಂಡವರು.

ಹರಕೆ ಹೊತ್ತು ಹೋಗುವವನಿಗೆ ಈ ಭಾವ ಹೊಸದಲ್ಲ. ಮಗುವಿಗೆ ಜ್ವರ ಬಿಟ್ಟರೆ, ಕಳವಾದ ಒಡವೆ ಸಿಕ್ಕರೆ, ತೋಟ ಉಳಿದರೆ ಬಂದು ಸೇವೆ ಮಾಡಿಸುತ್ತೇನೆ ಎಂದು ಮುಡಿಪು ಕಟ್ಟಿದವನು ಮನೆಯಿಂದ ಹೊರಡುವಾಗಲೇ ಸಾಲಗಾರ. ಕಾಣಿಕೆ ಹಾಕಿ ತಿರುಗಿ ಬರುವಾಗಲೂ ಲೆಕ್ಕ ಚುಕ್ತಾ ಆಯಿತೆಂದು ಅವನಿಗೆ ಅನಿಸುವುದಿಲ್ಲ. ಮುಂದಿನ ವರ್ಷ ಬರುತ್ತೇನೆ ತಾಯಿ ಎಂದೇ ಹೊರಬೀಳುತ್ತಾನೆ. ದುಡ್ಡು ಕೊಟ್ಟು ರೂಮು ಹಿಡಿದವನ ಲೆಕ್ಕ ಬೇರೆ. ಕೊಟ್ಟದ್ದಕ್ಕೆ ತಕ್ಕದ್ದು ಸಿಕ್ಕಿತೇ ಎಂದು ನೋಡುತ್ತಾನೆ, ಬಿಲ್ಲು ಕಟ್ಟಿದ ಕೂಡಲೇ ಆ ಊರಿಗೂ ಅವನಿಗೂ ಬಾಕಿ ಏನೂ ಇಲ್ಲ. ಬೆಳಗ್ಗೆ ಸಿಗಂದೂರಿನಲ್ಲಿ ಕೈ ಮುಗಿದವನೇ ಮಧ್ಯಾಹ್ನ ಜೋಗದಲ್ಲಿ ಕುರುಕಲು ತಿಂಡಿಯ ಪೊಟ್ಟಣ ಎಸೆಯುತ್ತಾನೆ. ಒಂದೇ ದಿನ, ಒಂದೇ ಮನುಷ್ಯ. ಯಾತ್ರೆ ಮತ್ತು ಪ್ರವಾಸದ ಗೆರೆ ಇಬ್ಬರ ನಡುವೆ ಎಳೆದದ್ದಲ್ಲ, ಒಬ್ಬನೊಳಗೇ ಹಾದುಹೋಗುತ್ತದೆ. ಬಾಕಿ ಉಳಿದಿದೆ ಎಂಬ ಅರಿವು ಇರುವಷ್ಟು ಹೊತ್ತು ಅವನು ಕ್ಷೇತ್ರದಲ್ಲಿದ್ದಾನೆ. ಆ ಅರಿವು ಕಳಚಿದ ಗಳಿಗೆಯಲ್ಲಿ ಅದೇ ನೆಲ ಬರೀ ನೋಡುವ ಜಾಗವಾಗುತ್ತದೆ.

ಇದು ಮಲೆನಾಡಿಗೆ ಮಾತ್ರ ಬಂದ ಪರೀಕ್ಷೆಯೇನಲ್ಲ. ಭದ್ರಾವತಿಯಲ್ಲಿ ಕಬ್ಬಿಣ ಹರಿದ ಅದೇ 1923ರಲ್ಲಿ, ಜಪಾನಿನ ನಾಗಾನೋ ಪ್ರಾಂತದ ನೊಝಾವಾ ಓನ್ಸೆನ್ ಎಂಬ ಹಳ್ಳಿಯವರು ಹಿಮದ ಮೇಲೆ ಜಾರುವ ಸ್ಕೀ ಕ್ರೀಡೆಗೆ ಒಂದು ಸಂಘ ಕಟ್ಟಿಕೊಂಡರು. ಬಿಸಿನೀರಿನ ಬುಗ್ಗೆಗಳ ಆ ಬೆಟ್ಟದೂರು ನಿಧಾನವಾಗಿ ಬೆಳೆದು ಇಂದು ದೇಶವಿದೇಶದ ಜನ ಹೋಗುವ ತಾಣವಾಗಿದೆ. ಆದರೆ ಊರೊಳಗಿನ 13 ಸ್ನಾನದ ಮನೆಗಳು ಇಂದಿಗೂ ಕೇರಿಯವರ ಕೂಟಗಳ ಕೈಯಲ್ಲೇ ಇವೆ. ಸರದಿ ಹಾಕಿಕೊಂಡು ಅವರೇ ತೊಳೆಯುತ್ತಾರೆ, ಅವರೇ ರಿಪೇರಿ ನೋಡುತ್ತಾರೆ. ಹೊರಗಿನವರಿಗೂ ಬಾಗಿಲು ತೆರೆದಿದೆ. ಟಿಕೆಟ್ ಇಲ್ಲ, ಕಾಣಿಕೆ ಪೆಟ್ಟಿಗೆ ಇದೆ. ಊರವರು ಸೊಪ್ಪು, ಮೊಟ್ಟೆ ಬೇಯಿಸಿಕೊಳ್ಳುವ ಕುದಿನೀರಿನ ಒಗಾಮಾ ಬುಗ್ಗೆಯ ಒಳಗೆ ಮಾತ್ರ ಪ್ರವಾಸಿಗರು ಕಾಲಿಡುವಂತಿಲ್ಲ. ಎಲ್ಲಿ ಕರೆಯಬೇಕು, ಎಲ್ಲಿ ತಡೆಯಬೇಕು ಎಂಬುದನ್ನು ಆತಿಥ್ಯ ಕೊಡುವವರೇ ನಿರ್ಧರಿಸಿದ್ದಾರೆ.

ಜನವರಿ 15ರ ರಾತ್ರಿ ಆ ಊರಿನಲ್ಲಿ ದೋಸೋಜಿನ್ ಎಂಬ ದೇವತೆಯ ಬೆಂಕಿಹಬ್ಬ ನಡೆಯುತ್ತದೆ. ಅದು ದಾರಿಯನ್ನೂ ಊರ ಗಡಿಯನ್ನೂ ಕಾಯುವ ದೇವತೆ. ಮರದಿಂದ ಕಟ್ಟಿದ ಎತ್ತರದ ಗುಡಿಯ ಮೇಲೆ 42 ವಯಸ್ಸಿನ ಗಂಡಸರು ಕೂರುತ್ತಾರೆ, ಬುಡದಲ್ಲಿ 25ರ ಹುಡುಗರು ಕಾವಲು ನಿಲ್ಲುತ್ತಾರೆ, ಉಳಿದ ಊರು ಪಂಜು ಹಿಡಿದು ಅವರ ಮೇಲೆ ಏರಿಹೋಗುತ್ತದೆ. ಅದೇ ದಿನಗಳಲ್ಲಿ, ಮಕರ ಸಂಕ್ರಾಂತಿಗೆ, ಸಿಗಂದೂರಿನಲ್ಲಿ ಚೌಡೇಶ್ವರಿಯ ಜಾತ್ರೆ. ಮಲೆನಾಡಿನ ಊರೂರಲ್ಲಿ ಮರದ ಬುಡದ ಕಲ್ಲಾಗಿ ತೋಟ, ಗಡಿ ಕಾಯುವ ಚೌಡಿಯೇ ಇಲ್ಲಿ ಚೌಡೇಶ್ವರಿಯಾಗಿ ಬೆಳೆದಿದ್ದಾಳೆ. ಕಾಡಿನಲ್ಲಿ ದಾರಿ ತಪ್ಪಿದ ಬೇಟೆಗಾರನ ಕನಸಿಗೆ ಬಂದು ತನ್ನ ಇರವು ತಿಳಿಸಿದಳು ಎನ್ನುವುದು ಸ್ಥಳಪುರಾಣ. ಎಲ್ಲೋ ಹಿಮದಲ್ಲಿ, ಎಲ್ಲೋ ಮಳೆಕಾಡಿನಲ್ಲಿ, ದಾರಿಗೂ ಗಡಿಗೂ ಒಂದೇ ದೇವತೆ ಸಾಕೆಂದು ಎರಡು ಜನಸಮುದಾಯಗಳು ಕಂಡುಕೊಂಡಿವೆ. ಬರುವವನಿಗೆ ದಾರಿ ತೋರಿಸುವವಳೇ ಅವನು ಮೀರಬಾರದ ಗೆರೆಯನ್ನೂ ತೋರಿಸುತ್ತಾಳೆ.

ಅದೇ ಜಪಾನಿನ ಉತ್ತರದ ಹೊಕ್ಕೈಡೊ ದ್ವೀಪದಲ್ಲಿ ನಿಸೆಕೊ ಎಂಬ ಇನ್ನೊಂದು ಹಿಮತಾಣವಿದೆ. ಅಲ್ಲಿಯ ಹಗುರ ಹಿಮದ ಸುದ್ದಿ ಹಬ್ಬಿ 2000ದ ನಂತರ ಆಸ್ಟ್ರೇಲಿಯದವರು, ಅವರ ಹಿಂದೆ ಏಷ್ಯಾದ ದೊಡ್ಡ ಹಣವಂತರು ಬಂದರು. ಕೆಲವೇ ವರ್ಷದಲ್ಲಿ ಜಾಗದ ಬೆಲೆ ಗಗನಕ್ಕೇರಿತು; ಸ್ಥಳೀಯರಿಗೆ ಬಾಡಿಗೆ ಮನೆ ಸಿಗುವುದೂ ಕಷ್ಟವಾಯಿತು. ಅಲ್ಲಿಯ ಕುಚ್ಚಾನ್ ಪಟ್ಟಣದ ಆಡಳಿತ 2019ರ ನವೆಂಬರಿನಿಂದ ತಂಗುವವರ ಬಿಲ್ಲಿನ ಮೇಲೆ ಶೇಕಡಾ 2ರ ತೆರಿಗೆ ಹಾಕಿತು. ನೊಝಾವಾದ ಕಾಣಿಕೆ ಪೆಟ್ಟಿಗೆ, ಕುಚ್ಚಾನಿನ ತೆರಿಗೆ ಎರಡೂ ಒಂದೇ ಮಾತನ್ನು ಎರಡು ಭಾಷೆಯಲ್ಲಿ ಹೇಳುತ್ತವೆ: ರೂಮಿನ ಬಾಡಿಗೆ ಕಟ್ಟಿದ ಮೇಲೂ ಊರಿಗೆ ಕೊಡಬೇಕಾದದ್ದು ಉಳಿದಿದೆ. ಒಂದು ಕಡೆ ಅದು ರೂಢಿಯಾಗಿ ಉಳಿದಿತ್ತು, ಇನ್ನೊಂದು ಕಡೆ ಕಾನೂನಾಗಿ ಬರಬೇಕಾಯಿತು.

ಶಿವಮೊಗ್ಗದಲ್ಲಿ ಆ ರೂಢಿಗೆ ಬೀಜ ಇಲ್ಲವೆಂದಲ್ಲ. ತುಂಗಾ ಪಾನ, ಗಂಗಾ ಸ್ನಾನ ಎಂದು ಹೆಮ್ಮೆಯಿಂದ ಹೇಳುವ ಊರಿನಲ್ಲಿ ತುಂಗೆಗೆ ಚರಂಡಿ ನೀರು ಸೇರುವುದನ್ನು ನೋಡಲಾರದೆ ಕೆಲವರು ವರ್ಷಗಳಿಂದ ದುಡಿಯುತ್ತಿದ್ದಾರೆ. 2024ರ ನವೆಂಬರಿನಲ್ಲಿ ನಿರ್ಮಲ ತುಂಗಭದ್ರಾ ಅಭಿಯಾನದ ಪಾದಯಾತ್ರೆ ಶೃಂಗೇರಿಯಿಂದ ಹೊರಟು ಹೊಳೆಯ ಜಾಡು ಹಿಡಿದು ನಡೆಯಿತು. ಆ ಯಾತ್ರೆಯ ಕೊನೆಯಲ್ಲಿ ಪೂಜೆ ಮಾಡಿಸುವ ಗರ್ಭಗುಡಿ ಇರಲಿಲ್ಲ, ಪಕ್ಕದಲ್ಲಿ ಹರಿಯುತ್ತಿದ್ದ ನೀರೇ ದೇವರಾಗಿತ್ತು. ನಡೆದವರು ಏನನ್ನೂ ಬೇಡಲು ಹೋಗಿರಲಿಲ್ಲ, ಕುಡಿದ ನೀರಿನ ಬಾಕಿ ತೀರಿಸಲು ಹೋಗಿದ್ದರು. ಕೂಡ್ಲಿಯ ಭಕ್ತ, ಬಳ್ಳಿಗಾವಿಯ ಅಲ್ಲಮ ಇಬ್ಬರೂ ಒಪ್ಪಿಕೊಳ್ಳಬಹುದಾದ ಯಾತ್ರೆ ಅದು.

ಇಂಥ ಕಣ್ಣು ಶರಾವತಿಗೆ ಇನ್ನೂ ಹೆಚ್ಚು ಬೇಕು, ಏಕೆಂದರೆ ಆ ಕಣಿವೆಯಿಂದ ಪಡೆಯುವುದು ನಿಂತಿಲ್ಲ. ಸಿಂಗಳೀಕಗಳು ಬದುಕುವ ಅಲ್ಲಿಯ ಕಾಡಿನಲ್ಲಿ 2,000 ಮೆಗಾವಾಟ್ ಸಾಮರ್ಥ್ಯದ ಪಂಪ್ಡ್ ಸ್ಟೋರೇಜ್ ಯೋಜನೆಯ ಪ್ರಸ್ತಾಪ ಎದ್ದಿದೆ, ಅದನ್ನು ವಿರೋಧಿಸಿ ಮಲೆನಾಡಿನವರು ದನಿ ಎತ್ತಿದ್ದಾರೆ. ಅಡಿಕೆ ತೋಟದ ಬೇಲಿಗಳ ಮೇಲೆ ಸಿಗಂದೂರು ದೇವಿಯ ಕಾವಲಿದೆ ಎಂಬ ಬೋರ್ಡು ಈ ಭಾಗದಲ್ಲಿ ಎಲ್ಲೆಲ್ಲೂ ಕಾಣುತ್ತದೆ. ಬೋರ್ಡು ನೋಡಿದ ಕೈ ಒಂದು ಗೊನೆಯನ್ನೂ ಮುಟ್ಟುವುದಿಲ್ಲ. ಒಂದು ತೋಟದ ಬೇಲಿಗೆ ಇಷ್ಟು ಹೆದರುವ ಭಕ್ತಿ ಒಂದು ಇಡೀ ಕಣಿವೆಯ ಅಂಚಿನಲ್ಲೂ ನಿಂತು ಯೋಚಿಸಬೇಡವೇ? ಅಮ್ಮನ ಕಾವಲು ಅಡಿಕೆಗೆ ಇದೆ ಎಂದಾದರೆ ಅವಳು ಕೂತ ಕಾಡಿಗೆ, ಅವಳನ್ನು ಮೊದಲು ಪೂಜಿಸಿದ ಹಳ್ಳಿಗಳಿಗೆ ಇಲ್ಲವೆನ್ನಲು ಆಗುತ್ತದೆಯೇ? ಸಂಕ್ರಾಂತಿಯ ಜಾತ್ರೆಗೆ ಬರುವ ಗಾಡಿಗಳು ಹೆಚ್ಚಲಿ. ಆ ಗಾಡಿಗಳು ತರುವ ದುಡ್ಡಿನಲ್ಲಿ ತುಮರಿಯ ಆಸ್ಪತ್ರೆಗೆ, ಶಾಲೆಗೆ, ಹಕ್ಕುಪತ್ರ ಇಲ್ಲದ ಮುಳುಗಡೆ ಮನೆಗಳಿಗೆ ಒಂದು ಪಾಲು ಮೊದಲು ಎತ್ತಿಡುವುದನ್ನು ಯಾರೂ ದಾನವೆಂದು ಕರೆಯಬೇಕಾಗಿಲ್ಲ.

ಬೇಸಿಗೆಯಲ್ಲಿ ಹಿನ್ನೀರು ಇಳಿಯುತ್ತದೆ. ಅರುವತ್ತು ವರ್ಷದ ಹಿಂದೆ ಮುಳುಗಿದ ಕಾಡಿನ ಬೊಡ್ಡೆಗಳು ಕಪ್ಪಗೆ, ಸಾಲುಸಾಲಾಗಿ ಮೇಲೇಳುತ್ತವೆ. ತೀರಾ ಬರದ ವರ್ಷಗಳಲ್ಲಿ ಮಡೆನೂರಿನ ಹಳೆಯ ಅಣೆಕಟ್ಟೂ ಎದ್ದು ನಿಂತು, ಜನ ಅದನ್ನು ನೋಡಲು ಹೋಗುತ್ತಾರೆ. ಶಿವಮೊಗ್ಗದ ಸುತ್ತ ಬಂದು ನೆಲೆಸಿದ ಮುಳುಗಡೆ ಮನೆತನಗಳ ಹಿರಿಯರು ಈಗ ಮೊಮ್ಮಕ್ಕಳ ಕಾರಿನಲ್ಲಿ ಸಿಗಂದೂರಿಗೆ ಹೋಗುವಾಗ ಸೇತುವೆಯ ನಡುವೆ ಕಾರನ್ನು ನಿಧಾನ ಮಾಡಿಸುತ್ತಾರೆ. ಕಿಟಕಿಯ ಗಾಜು ಇಳಿಸಿ ಹೊಳೆಗೆ ಕೈ ಮುಗಿಯುತ್ತಾರೆ. ಹಿಂದಿನ ಸೀಟಿನ ಮಕ್ಕಳು ಮೊಬೈಲು ಹೊರಗೆ ಚಾಚಿ, ನೀರಿನಲ್ಲಿ ಕಾಣುವ ಆ ಕಪ್ಪು ಬೊಡ್ಡೆಗಳು ಏನೆಂದು ಕೇಳುತ್ತಾರೆ. ಹಿರಿಯರು ಬೆರಳು ತೋರಿಸಿ ಒಂದೊಂದಾಗಿ ಹೇಳತೊಡಗುತ್ತಾರೆ: ಅಲ್ಲಿ ಗದ್ದೆ ಬಯಲು, ಅಲ್ಲಿ ಅಪ್ಪಯ್ಯ ನೆಟ್ಟ ಹಲಸು, ಅದರ ಕೆಳಗೆ ಮನೆಯ ಚೌಡಿ. ಹಿಂದಿನ ಗಾಡಿ ಹಾರನ್ ಹಾಕುತ್ತದೆ.